ಹೊರದೇಶದ ಮಕ್ಕಳು, ಮನೆಯ ಮಾತಿನ ದಾರಿ

(ಆಲಮಟ್ಟಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಆಲಮಟ್ಟಿ ಎಂದರೆ ನಾಡಿನವರಿಗೆ ಮೊದಲು ನೆನಪಾಗುವುದು ಅಣೆಕಟ್ಟು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ಅಣೆಕಟ್ಟಿಗಿಂತ ಮೊದಲು ಈ ಊರಿಗೆ ಹೆಸರು ತಂದವರು ಹರ್ಡೇಕರ ಮಂಜಪ್ಪನವರು. 1906ರಲ್ಲಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆ ಆರಂಭಿಸಿ, ಮುಂದೆ ಇಲ್ಲಿ ನೆಲೆನಿಂತು, ಪತ್ರಿಕೆ ಮತ್ತು ಪುಸ್ತಕಗಳಿಂದಲೇ ತಾವು ಎಂದೂ ಕಾಣದ ಓದುಗರನ್ನು ತಲುಪಿದವರು ಅವರು. ದೂರದವರಿಗೆ ಮಾತು ಮುಟ್ಟಿಸುವ ಕೆಲಸವನ್ನು ವ್ರತದಂತೆ ನಡೆಸಿದ ಹಿರಿಯರ ನೆಲದಲ್ಲಿ ನಿಂತು ಈ ವಿಷಯ ಮಾತಾಡುವುದು ನನ್ನ ಭಾಗ್ಯ.

ವಿಷಯ ಸೂಚಿಸಿದವರು ತಂದೆತಾಯಿಯ ನೆನಪಿನಲ್ಲಿ ಈ ದತ್ತಿ ಇಟ್ಟ ಕುಟುಂಬದವರೇ. ಅವರ ಮನೆಯ ಮಕ್ಕಳು ಬೇರೆ ಬೇರೆ ದೇಶಗಳಲ್ಲಿದ್ದಾರೆ. ಇದು ಒಂದು ಮನೆಯ ಕಥೆಯಲ್ಲ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ತಾಲೂಕುಗಳ ಹಳ್ಳಿಗಳಿಂದ ದುಬೈ, ಮಸ್ಕತ್‌ಗೆ ಕೆಲಸಕ್ಕೆ ಹೋದವರಿದ್ದಾರೆ, ಅಮೆರಿಕ, ಜರ್ಮನಿಗೆ ಹೋದ ಇಂಜಿನಿಯರರಿದ್ದಾರೆ, ವೈದ್ಯಕೀಯ ಓದಲು ಇನ್ನೆಲ್ಲಿಗೋ ಹೋದ ಹುಡುಗ ಹುಡುಗಿಯರಿದ್ದಾರೆ. ಹಿಂದೆ ಉಳಿದವರು ಹೆಚ್ಚಾಗಿ ವಯಸ್ಸಾದವರು. ಈ ಎರಡು ತುದಿಗಳ ನಡುವೆ ಈಗ ಹತ್ತಾರು ದಾರಿಗಳಿವೆ: ಫೋನು, ವಾಟ್ಸಾಪ್, ಫೇಸ್‌ಬುಕ್, ಇಮೇಲ್, ಟೆಲಿಗ್ರಾಂ, ದೇಶಕ್ಕೊಂದು ಬೇರೆ ಆ್ಯಪ್. ದಾರಿ ಇಷ್ಟೊಂದು ಇರುವಾಗ ಯಾವುದನ್ನು ಹಿಡಿಯಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎನ್ನುವುದೇ ನನ್ನ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹೊಸದನ್ನು ಕಲಿಯುವುದು ಯಾರಿಗೆ ಎಲ್ಲರಿಗಿಂತ ಕಷ್ಟವೋ, ಅವರಿಗೆ ಒಗ್ಗುವ ದಾರಿಯೇ ಇಡೀ ಮನೆಯ ದಾರಿಯಾಗಬೇಕು. ಕಲಿತವರು, ದೂರ ಹೋದವರು ಆ ದಾರಿಗೆ ಬರಬೇಕು.

ನಡುವೆ ನಿಂತವರು

ತವರಿನಿಂದ ದೂರವಾದ ಹೆಣ್ಣುಮಗಳ ಹಂಬಲವನ್ನು ನಮ್ಮ ಸೀಮೆಯಷ್ಟು ಹಾಡಿದ ಸೀಮೆ ಅಪರೂಪ. ಇಂಡಿ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಸಂಗ್ರಹಿಸಿ ‘ಗರತಿಯ ಹಾಡು’ ಹೊರತಂದರು. ಆ ಲೋಕದಲ್ಲಿ ಸುದ್ದಿ ತರುವವನು ಅಣ್ಣ, ಇಲ್ಲವೆ ಊರೂರು ತಿರುಗುವ ಬಳೆಗಾರ. ಅವರು ಬಾಯಿಮಾತು ಮಾತ್ರ ಒಯ್ಯುತ್ತಿರಲಿಲ್ಲ. ಮಗಳು ಸೊರಗಿದ್ದಾಳೋ ಇಲ್ಲವೋ, ಅತ್ತೆಮನೆಯಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ಬಂದು ತಾಯಿಗೆ ಹೇಳುತ್ತಿದ್ದರು.

ಆಮೇಲೆ ಬಂದದ್ದು ಪತ್ರ. ನಮ್ಮ ದೇಶದಲ್ಲಿ ಅಂಚೆ ಕಾರ್ಡು 1879ರಲ್ಲಿ ಬಂತು, ಇನ್‌ಲ್ಯಾಂಡ್ ಪತ್ರ 1950ರಲ್ಲಿ. ಹೊರದೇಶಕ್ಕೆ ಬರೆಯುವವರು ಏರೋಗ್ರಾಂ ಕೊಳ್ಳುತ್ತಿದ್ದರು. ನಾನು ಹಳ್ಳಿಯ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಪಾಠದಷ್ಟೇ ಮುಖ್ಯವಾದ ಇನ್ನೊಂದು ಕೆಲಸ ನನ್ನ ಪಾಲಿಗಿತ್ತು: ಊರವರಿಗೆ ಬಂದ ಪತ್ರ ಓದಿ ಹೇಳುವುದು, ಅವರ ಪರವಾಗಿ ಬರೆಯುವುದು. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ, ಮಳೆ ಬೆಳೆಯ ಸುದ್ದಿ, ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ತಾಯಂದಿರು ಹೊಸ್ತಿಲಲ್ಲಿ ಕುಳಿತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನಡುವೆ ಒಂದು ಗಳಿಗೆ ಮಾತು ನಿಲ್ಲುತ್ತಿತ್ತು. “ಇರ್ಲಿ ಬಿಡ್ರಿ ಸರ, ಎಲ್ಲಾರೂ ಆರಾಮ ಅದೀವಿ ಅಂತ ಬರೀರಿ” ಎಂದು ಮುಗಿಸುತ್ತಿದ್ದರು. ಮಗನಿಗೆ ಹೇಳಬೇಕಾದದ್ದು ಆ ಮೌನದಲ್ಲಿತ್ತು. ಸೊಸೆಯ ಜೊತೆಗಿನ ಮುನಿಸು, ಗಂಡನ ಸಾಲ, ತನ್ನದೇ ಮೊಣಕಾಲು ನೋವು, ಇವನ್ನೆಲ್ಲ ಮಾಸ್ತರನ ಮುಂದೆ ಹೇಳುವುದು ಹೇಗೆ? ನಾನು ಎಷ್ಟೇ ಪ್ರೀತಿಯಿಂದ ಬರೆದರೂ ತಾಯಿ ಮಗನ ನಡುವೆ ಮೂರನೆಯವನಾಗಿದ್ದೆ.

ಫೋನು ಬಂದಾಗಲೂ ನಡುವೆ ಜನರಿದ್ದರು. ದೂರದ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯಲ್ಲಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳು. ಮೂರು ನಿಮಿಷಕ್ಕೊಂದು ಲೆಕ್ಕ. ಕೂಗಿ ಮಾತಾಡಿದ್ದನ್ನು ಕಚೇರಿಯಲ್ಲಿ ನಿಂತವರೆಲ್ಲ ಕೇಳುತ್ತಿದ್ದರು. ಈ ಸ್ಥಿತಿ ಬದಲಿಸಿದ ಒಂದು ಘಟನೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ನಡೆದದ್ದು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯವರು ಹಳ್ಳಿಗಳಿಗಾಗಿ 128 ಪೋರ್ಟುಗಳ ಸಣ್ಣ ಟೆಲಿಫೋನ್ ಎಕ್ಸ್‌ಚೇಂಜ್ ರೂಪಿಸಿ, 1986ರಲ್ಲಿ ಮೊದಲು ಅಳವಡಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣ ಇಲ್ಲದ ಕೋಣೆಯಲ್ಲಿ, ನಮ್ಮ ಧೂಳು ಬಿಸಿಲಿನ ನಡುವೆ ನಡೆಯುವಂತೆ ಅದನ್ನು ಕಟ್ಟಿದ್ದರು. ಹೊರಗಿನ ಯಂತ್ರಕ್ಕೆ ಹಳ್ಳಿ ಹೊಂದಿಕೊಳ್ಳಲಿ ಎಂದು ಕೂಡಲಿಲ್ಲ, ಹಳ್ಳಿಗೆ ಹೊಂದುವ ಯಂತ್ರವನ್ನೇ ಮಾಡಿದರು. ನಾನು ಇಂದು ಮನೆಮನೆಯಲ್ಲಿ ಕೇಳುತ್ತಿರುವುದೂ ಅದೇ ನಡೆಯನ್ನು.

ಅಂಥ ಎಕ್ಸ್‌ಚೇಂಜುಗಳ ಬೆನ್ನಿಗೆ ಬಸ್‌ಸ್ಟ್ಯಾಂಡುಗಳಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ, ಐಎಸ್‌ಡಿ ಬೂತುಗಳು ಬಂದವು. ಒಂದು ಕಾಲಕ್ಕೆ ರಾತ್ರಿ ಹನ್ನೊಂದರ ನಂತರ ಎಸ್‌ಟಿಡಿ ದರ ಕಾಲುಭಾಗಕ್ಕೆ ಇಳಿಯುತ್ತಿತ್ತು. ಪುಣೆ, ಮುಂಬೈಯ ಮಕ್ಕಳೊಡನೆ ಮಾತಾಡಲು ಜನ ಆ ಹೊತ್ತಿಗೆ ಸರದಿ ನಿಲ್ಲುತ್ತಿದ್ದರು. ಹೊರದೇಶದ ಕರೆಯಾದರೆ ಗಾಜಿನೊಳಗಿನ ಮೀಟರಿನ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತಲೇ ಮಾತು ಮುಗಿಸಬೇಕಿತ್ತು. ಇವುಗಳ ಜೊತೆಗೇ ಇದ್ದ ಇನ್ನೊಂದು ದಾರಿ ಅಂಚೆ ಕಚೇರಿಯ ತಂತಿ ಸಂದೇಶ; ಅದರ ಕೆಲಸ ಹೆಚ್ಚಾಗಿ ಕೆಟ್ಟ ಸುದ್ದಿಯದ್ದು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಾಗ, ತಂತಿ ಬಂತೆಂದರೆ ಎದೆ ಹಿಡಿದು ಕೂಡುತ್ತಿದ್ದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದರು.

ದನಿ ನೇರವಾಗಿ ಮುಟ್ಟಿದ ಕಾಲ

2013ರಲ್ಲಿ ವಾಟ್ಸಾಪ್‌ಗೆ ದನಿ ಸಂದೇಶ ಬಂತು, 2016ರ ಕೊನೆಗೆ ವಿಡಿಯೊ ಕರೆ ಬಂತು. ಅದೇ ವರ್ಷ ಇಂಟರ್ನೆಟ್ ದರ ನಮ್ಮಲ್ಲಿ ಒಮ್ಮೆಲೇ ಇಳಿಯಿತು. ಈ ಮೂರರಲ್ಲಿ ಎಲ್ಲರೂ ಕೊಂಡಾಡುವುದು ವಿಡಿಯೊವನ್ನು. ನನ್ನ ದೃಷ್ಟಿಯಲ್ಲಿ ಹಳ್ಳಿಯ ಮನೆಗೆ ದೊಡ್ಡ ಉಪಕಾರ ಮಾಡಿದ್ದು ದನಿ ಸಂದೇಶ. ಅಕ್ಷರ ಬಾರದ ತಾಯಿ ಮೈಕಿನ ಗುರುತನ್ನು ಒತ್ತಿ ಹಿಡಿದು, “ಯಪ್ಪಾ, ಊಟ ಆತೇನ? ಇಲ್ಲಿ ಎರಡ ದಿನ ಆತು, ಮಳಿ ಹಿಡದೈತಿ. ನಿನ್ನ ದನಿ ಕೇಳಿಲ್ಲ, ಒಂದ ಮಾತ ಹೇಳು” ಎಂದು ಬೆರಳು ಬಿಟ್ಟರೆ ಸಾಕು, ಮಗನಿಗೆ ಮುಟ್ಟುತ್ತದೆ. ಮಾಸ್ತರ ಬೇಕಿಲ್ಲ, ಬೂತಿನವ ಬೇಕಿಲ್ಲ. ಮಗ ಎದ್ದಾಗ ಕೇಳುತ್ತಾನೆ. ಅಲ್ಲಿ ಎಷ್ಟು ಗಂಟೆ ಎಂಬ ಲೆಕ್ಕ ತಾಯಿಗೆ ಬೇಕಿಲ್ಲ. ತಾಯಿಯೂ ಮಗನ ಉತ್ತರವನ್ನು ಮತ್ತೆ ಮತ್ತೆ ಕೇಳಬಹುದು. ಮಾಸ್ತರನ ಮುಂದೆ ಬಾಯಿಗೆ ಬಾರದ ಮಾತು ಈಗ ಹೊರಗೆ ಬರುತ್ತಿದೆ.

ಹಾಗಿರುವಾಗ ಓದಲು ಬಾರದ ಅವ್ವನಿಗೆ ಮಗ ಟೈಪ್ ಮಾಡಿ ಕಳಿಸಿದರೆ ಏನಾಗುತ್ತದೆ? ಅದನ್ನು ಓದಿಸಲು ಅವಳು ಮತ್ತೆ ಮೊಮ್ಮಗನನ್ನೋ ಪಕ್ಕದ ಮನೆಯ ಹುಡುಗಿಯನ್ನೋ ಕರೆಯಬೇಕು. ನಲವತ್ತು ವರ್ಷ ಹಿಂದೆ ನನ್ನ ಮುಂದೆ ಕುಳಿತು ನುಂಗಿದ ಮಾತನ್ನೇ ಮತ್ತೆ ನುಂಗಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರಂತೂ, ಕನ್ನಡ ಶಾಲೆ ಕಲಿತು ದಿನಪತ್ರಿಕೆ ಓದುವ ಅಪ್ಪನಿಗೂ ಅದು ತಿಳಿಯದು. ಫೋನಿನಲ್ಲಿ ಕನ್ನಡ ಕೀಲಿಮಣೆ ಇರುವಾಗ ಆ ಕಷ್ಟ ಅವರಿಗೆ ಕೊಡಬಾರದು. ಓದಬಲ್ಲವರಿಗೆ ಕನ್ನಡದಲ್ಲಿ ಬರೆಯಿರಿ, ಓದಲಾರದವರಿಗೆ ಮಾತಾಡಿ ಕಳಿಸಿರಿ.

ವಿಡಿಯೊ ಕರೆಯ ಬಗ್ಗೆಯೂ ಒಂದು ಮಾತು. ಕರೆ ಬಂದೊಡನೆ ಇಡೀ ಮನೆ ಕೂಡುತ್ತದೆ. ಕಾಕಾ, ಮಾಮಾ, ಮಕ್ಕಳು, ಎಲ್ಲರಿಗೂ ಒಂದೊಂದು ಮಾತು. ನೋಡಲು ಚಂದ. ಆದರೆ ಫೋನ್ ಯಾರ ಕೈಯಲ್ಲಿದೆಯೋ ಅವರಿಗೇ ಮಾತಿನ ಹಿಡಿತ. ಆಯಿಯ ಸರದಿ ಬರುವ ಹೊತ್ತಿಗೆ “ಚೊಲೊ ಅದೀನಿ” ಎನ್ನುವುದರಲ್ಲಿ ಅವಳ ಪಾಲು ಮುಗಿದಿರುತ್ತದೆ. ಆದ್ದರಿಂದ ಎಲ್ಲರ ಕರೆ ಬೇರೆ ಇರಲಿ, ಅವಳೊಬ್ಬಳ ಕರೆ ಬೇರೆ ಇರಲಿ. ವಾರಕ್ಕೊಮ್ಮೆಯಾದರೂ ಸಾಕು, ಯಾವ ದಿನ, ಯಾವ ಹೊತ್ತು ಎಂಬುದು ಗೊತ್ತಿರಬೇಕು. ನಮ್ಮಲ್ಲಿ ರಾತ್ರಿ ಎಂಟಾದಾಗ ದುಬೈಯಲ್ಲಿ ಆರೂವರೆ, ಕ್ಯಾಲಿಫೋರ್ನಿಯದಲ್ಲಿ ಬೇಸಿಗೆಯಾದರೆ ಬೆಳಗಿನ ಏಳೂವರೆ, ಚಳಿಗಾಲವಾದರೆ ಆರೂವರೆ. ಕ್ಯಾಲಿಫೋರ್ನಿಯದ ಗಡಿಯಾರ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ನಮ್ಮದು ಬದಲಾಗುವುದಿಲ್ಲ. ಆ ಲೆಕ್ಕವನ್ನು ಅಲ್ಲಿರುವವರು ಇಟ್ಟುಕೊಳ್ಳಬೇಕು. ಇಲ್ಲಿ ಅವ್ವನಿಗೆ ಸೋಮವಾರ ರಾತ್ರಿ ಎಂಟು ಎಂದರೆ ಎಂಟೇ ಆಗಿರಬೇಕು.

ಇನ್ನು ಮನೆಯ ಗ್ರೂಪು. ಮುತ್ಯಾ ದಿನಾ ಬೆಳಿಗ್ಗೆ ದೇವರ ಚಿತ್ರದೊಂದಿಗೆ ಶುಭೋದಯ ಕಳಿಸುತ್ತಾರೆಂದು ಬೇಸರಪಡುವ ಮಕ್ಕಳಿದ್ದಾರೆ. ಅವರಿಗೆ ನಾನು ಕೈಮುಗಿದು ಹೇಳುವುದಿಷ್ಟು: ನಾನು ಎದ್ದಿದ್ದೇನೆ, ನಿಮ್ಮೆಲ್ಲರನ್ನೂ ನೆನೆದಿದ್ದೇನೆ ಎಂದು ಆ ವಯಸ್ಸಿನವರು ತಮಗೆ ತಿಳಿದ ರೀತಿಯಲ್ಲಿ ಹೇಳುತ್ತಿದ್ದಾರೆ. ಒಂದು ದಿನ ಆ ಚಿತ್ರ ಬರಲಿಲ್ಲವೆಂದರೆ ಅಂದೇ ಫೋನ್ ಮಾಡಿ ವಿಚಾರಿಸಿರಿ. ಇನ್ನೊಂದು ವಿನಂತಿ: ಸಾವಿನ ಸುದ್ದಿಯನ್ನು ಮೊದಲು ಗ್ರೂಪಿಗೆ ಹಾಕಬೇಡಿ. ದೂರದ ಊರಿನಲ್ಲಿ ಒಬ್ಬಳೇ ಇರುವ ಮಗಳು ಬಸ್ಸಿನಲ್ಲಿ ನಿಂತು ತಂದೆಯ ಸಾವನ್ನು ಓದಬಾರದು. ಅವಳ ಹತ್ತಿರ ಇರುವ ಗೆಳತಿಗೋ ಗಂಡನಿಗೋ ಮೊದಲು ತಿಳಿಸಿ, ಆಮೇಲೆ ಹಿರಿಯರೊಬ್ಬರು ದನಿಯಲ್ಲಿ ಹೇಳಬೇಕು. 2020ರ ಕೊರೊನಾ ಕಾಲದಲ್ಲಿ ವಿಮಾನ ನಿಂತು, ಹೆತ್ತವರ ಮಣ್ಣಿಗೆ ಬರಲಾಗದೆ ಫೋನಿನಲ್ಲೇ ಕೊನೆಯ ದರ್ಶನ ಪಡೆದ ಮಕ್ಕಳ ಸಂಕಟ ನಾವೆಲ್ಲ ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ ಸುದ್ದಿ ಹೇಗೆ ಮುಟ್ಟಿತು ಎಂಬುದು ಜೀವಮಾನವಿಡೀ ಉಳಿಯುತ್ತದೆ.

ದಾರಿ ಮುಚ್ಚಿದಾಗ

ಈ ದಾರಿಗಳಿಗೆಲ್ಲ ಒಡೆಯರಿದ್ದಾರೆ ಎಂಬುದನ್ನು ಮರೆಯಬಾರದು. 2003ರಲ್ಲಿ ಆರಂಭವಾದ ಸ್ಕೈಪ್ ಒಂದು ಕಾಲಕ್ಕೆ ಹೊರದೇಶದ ಕನ್ನಡ ಮನೆಗಳಿಗೂ ಇಲ್ಲಿಯ ಮನೆಗಳಿಗೂ ಸೇತುವೆಯಾಗಿತ್ತು. 2025ರ ಮೇ 5ರಂದು ಅದು ಮುಚ್ಚಿತು. ಆರ್ಕುಟ್ 2014ರಲ್ಲೇ ಹೋಯಿತು. ಕಂಪನಿಯ ಲೆಕ್ಕಾಚಾರ ಬದಲಾದರೆ ನಾವು ಕಷ್ಟಪಟ್ಟು ಕಲಿತ ದಾರಿ ಇಲ್ಲವಾಗುತ್ತದೆ. ಎಳೆಯರು ಮರುದಿನವೇ ಇನ್ನೊಂದನ್ನು ಹಿಡಿಯುತ್ತಾರೆ. ಎಪ್ಪತ್ತು ದಾಟಿದವರು ಮತ್ತೆ ಮೊದಲಿನಿಂದ ಕಲಿಯಬೇಕು.

ದೇಶಗಳ ಕಾನೂನು ಇನ್ನೊಂದು ಅಡ್ಡಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸಾಪ್ ಸಂದೇಶ ನಡೆಯುತ್ತದೆ, ಅದರ ಕರೆಗೆ ಬಹುಕಾಲದಿಂದ ತಡೆ ಇದೆ. ಅಲ್ಲಿರುವವರು ಸರ್ಕಾರ ಒಪ್ಪಿದ ಬೋಟಿಮ್‌ನಂಥ ಆ್ಯಪ್ ಬಳಸುತ್ತಾರೆ. ದುಬೈಗೆ ಹೋದ ಮಗ ವಿಡಿಯೊದಲ್ಲಿ ಕಾಣುತ್ತಿಲ್ಲ ಎಂದು ಚಿಂತಿಸುವ ತಾಯಿಗೆ ಈ ಕಾರಣ ಯಾರಾದರೂ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವಳು ಕೊರಗುತ್ತಾಳೆ. ಚೀನಾದಲ್ಲಿ 2017ರಿಂದ ವಾಟ್ಸಾಪ್‌ಗೆ ತಡೆ; ಅಲ್ಲಿ ನಡೆಯುವ ವಿಚಾಟನ್ನು ನಮ್ಮ ಸರ್ಕಾರ 2020ರ ಜೂನ್ 29ರಂದು 58 ಇತರ ಆ್ಯಪ್‌ಗಳ ಜೊತೆ ನಿಷೇಧಿಸಿತು. ಅಲ್ಲಿ ಓದುತ್ತಿದ್ದ ಮಕ್ಕಳ ಮನೆಗಳಿಗೆ ಎರಡೂ ಕಡೆಯ ಬಾಗಿಲು ಮುಚ್ಚಿದಂತಾಯಿತು. ಆಗ ಕೈಹಿಡಿದದ್ದು ಇಮೇಲ್ ಮತ್ತು ಸಾದಾ ಫೋನು.

ಯುದ್ಧ ಬಂದರೆ ಎಲ್ಲ ಲೆಕ್ಕವೂ ತಲೆಕೆಳಗು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿ ಆರಂಭವಾದಾಗ ನಮ್ಮ ರಾಜ್ಯದ ಅನೇಕ ವೈದ್ಯಕೀಯ ವಿದ್ಯಾರ್ಥಿಗಳು ಖಾರ್ಕಿವ್‌ನ ನೆಲಮಾಳಿಗೆಗಳಲ್ಲಿ, ಮೆಟ್ರೊ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಮಾರ್ಚ್ 1ರಂದು ಆಹಾರ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ ಶೆಲ್ ದಾಳಿಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಫೋನು ಕೆಳಗಿಡದೆ ಕುಳಿತ ತಂದೆತಾಯಿಗಳನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ. ಮಗುವಿನ ಫೋನಿನ ಚಾರ್ಜು ಮುಗಿದರೆ ಯಾರಿಗೆ ಕೇಳಬೇಕು? ಜೊತೆಗಿರುವ ಗೆಳೆಯರ ನಂಬರು ಮನೆಯಲ್ಲಿ ಇದೆಯೇ? ಕಾಲೇಜಿನ ವಿಳಾಸ? ಈ ಪ್ರಶ್ನೆಗಳಿಗೆ ಉತ್ತರವನ್ನು ಆಪತ್ತಿನ ಹೊತ್ತಿನಲ್ಲಿ ಹುಡುಕಬಾರದು, ಮೊದಲೇ ಕಾಗದದ ಮೇಲೆ ಬರೆದಿಟ್ಟಿರಬೇಕು.

ಕಾಗದದ ಮಾತು ಬಂದಾಗ ಈ ಊರಿನವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ವಿಳಾಸ ಕಳೆದುಕೊಳ್ಳುವುದು ಎಂದರೇನೆಂದು ಮುಳುಗಡೆಯ ಜನರಿಗಿಂತ ಬಲ್ಲವರು ಯಾರು? ಹಳೆಯ ಊರು ಅಣೆಕಟ್ಟಿನ ನೀರಿನಡಿ ಹೋಯಿತು. ಜನ ಬೇರೆ ಬೇರೆ ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದರು. ಒಂದೇ ಓಣಿಯವರು ಬೇರೆ ಬೇರೆ ಕೇಂದ್ರಗಳ ಪಾಲಾದರು. ದೂರದಲ್ಲಿದ್ದ ಮಗನ ಬಳಿ ಇದ್ದದ್ದು ಹಳೆಯ ಊರಿನ ಹೆಸರು ಬರೆದ ವಿಳಾಸ. ಆಗ ಮನೆಯವರನ್ನು ಹುಡುಕಿ ಪತ್ರ ಮುಟ್ಟಿಸಬಲ್ಲವನು ಊರಿನ ಪ್ರತಿಯೊಬ್ಬರನ್ನೂ ಬಲ್ಲ ಅಂಚೆಯಣ್ಣ ಮಾತ್ರ. ಇಂದು ಹೆಚ್ಚಿನ ಮನೆಗಳಿಗೆ ವಿಳಾಸವೆಂದರೆ ಮೊಬೈಲ್ ನಂಬರು. ರಿಚಾರ್ಜ್ ಮಾಡದೆ ಬಹಳ ದಿನ ಬಿಟ್ಟರೆ ಆ ನಂಬರು ನಿಲ್ಲುತ್ತದೆ, ಕೆಲವು ಕಾಲದ ಮೇಲೆ ಬೇರೆಯವರ ಪಾಲಾಗುತ್ತದೆ. ಅದರ ಬೆನ್ನಿಗೇ ವಾಟ್ಸಾಪ್ ಖಾತೆಯೂ ಹೋಗುತ್ತದೆ. ಹಾಗೆ ನಂಬರು ಕಳೆದುಕೊಂಡವರನ್ನು ಹುಡುಕಿ ಮಾತು ಮುಟ್ಟಿಸುವ ಅಂಚೆಯಣ್ಣ ಇಲ್ಲಿ ಇಲ್ಲ. ಆದ್ದರಿಂದ ಅಪ್ಪ ಅವ್ವನ ನಂಬರಿನ ರಿಚಾರ್ಜು ಹೊರದೇಶದಲ್ಲಿರುವ ಮಕ್ಕಳ ಜವಾಬ್ದಾರಿ. ಅದನ್ನು ಮನೆಬಾಡಿಗೆಯಷ್ಟೇ ತಪ್ಪದೆ ಮಾಡಬೇಕು.

ಮನೆಮನೆಯಲ್ಲಿ ಮಾಡಬೇಕಾದದ್ದು

ಹಾಗಾದರೆ ಏನು ಮಾಡಬೇಕು? ಪ್ರತಿ ಮನೆಗೂ ಒಂದು ಮುಖ್ಯ ದಾರಿ ಇರಲಿ. ಅದು ಹಿರಿಯರಿಗೆ ರೂಢಿಯಾದದ್ದೇ ಆಗಿರಲಿ. ಹೊಸ ಆ್ಯಪ್ ಬಂತೆಂದು ಅವರನ್ನು ಅಲ್ಲಿಗೆ ಎಳೆಯಬೇಡಿ. ಜೊತೆಗೆ ಎರಡನೆಯ ದಾರಿಯೊಂದು ಇರಲಿ, ಅದು ಇಂಟರ್ನೆಟ್ ಇಲ್ಲದೆಯೂ ನಡೆಯುವಂಥದ್ದಾಗಿರಲಿ, ಅಂದರೆ ಸಾದಾ ಕರೆ. ತಿಂಗಳಿಗೊಮ್ಮೆ ಬೇಕೆಂದೇ ಅದರಲ್ಲಿ ಮಾತಾಡಿ. ಬಳಸದ ದಾರಿ ಬೇಕಾದಾಗ ನೆನಪಾಗುವುದಿಲ್ಲ.

ಒಂದು ಹಾಳೆಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಯಿರಿ: ಮಗನ ಅಲ್ಲಿಯ ನಂಬರು, ಕೆಲಸದ ಜಾಗದ ವಿಳಾಸ, ಇಬ್ಬರು ಗೆಳೆಯರ ನಂಬರು, ಪಾಸ್‌ಪೋರ್ಟ್ ಸಂಖ್ಯೆ, ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ನಂಬರು. ಅದು ಗಾದ್ರೇಜಿನೊಳಗೆ ಪಡಿತರ ಚೀಟಿಯ ಜೊತೆ ಇರಲಿ. ಕೆಲಸ ಕೊಟ್ಟವರು ಸಂಬಳ ಕೊಡದೆ, ಪಾಸ್‌ಪೋರ್ಟ್ ಇಟ್ಟುಕೊಂಡು ಪೀಡಿಸಿದರೆ ದೂರು ಕೊಡಲು ಕೇಂದ್ರ ಸರ್ಕಾರದ ‘ಮದದ್’ ಜಾಲತಾಣ 2015ರಿಂದ ಇದೆ. ಇಲ್ಲಿಂದ ಮನೆಯವರೂ ದೂರು ಸಲ್ಲಿಸಬಹುದು. ಆಗ ಕೇಳುವುದು ಈ ವಿವರಗಳನ್ನೇ.

ಮೋಸದ ಬಗ್ಗೆ ಎಚ್ಚರಿಸಲೇಬೇಕು. ನಿಮ್ಮ ಮಗ ವಿದೇಶದಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದಾನೆ, ಕೂಡಲೇ ಹಣ ಹಾಕಿರಿ ಎಂದು ಹೆದರಿಸುವ ಕರೆಗಳು ಬರುತ್ತವೆ. ಈಗಂತೂ ಮಗನದೇ ದನಿಯನ್ನು ಯಂತ್ರದಿಂದ ಹೊರಡಿಸಬಲ್ಲರು. ಪ್ರೀತಿ ಇರುವ ಕಡೆಯೇ ಈ ಮೋಸ ನಾಟುತ್ತದೆ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳಿ: ನಮ್ಮ ಹಳೆಯ ಎತ್ತಿನ ಹೆಸರೇನು, ಮೊದಲ ಜಾತ್ರೆಯಲ್ಲಿ ಏನು ಕೊಡಿಸಿದ್ದೆ, ಇಂಥದ್ದು. ಉತ್ತರ ಬರದಿದ್ದರೆ ಕರೆ ಕಡಿದು, ಮಗನ ಗೊತ್ತಿರುವ ನಂಬರಿಗೆ ನೀವೇ ಫೋನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿರಿ.

ಬಳೆಗಾರನ ದಾರಿಯನ್ನೂ ಬಿಡಬೇಡಿ. ಊರಿಗೆ ಬಂದುಹೋಗುವ ಗೆಳೆಯರ ಕೈಯಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಟಕ ರೊಟ್ಟಿ ಈಗಲೂ ಹೊರದೇಶಕ್ಕೆ ಹೋಗುತ್ತವೆ. ಅವರಿಗೆ ಮಕ್ಕಳು ಇನ್ನೊಂದು ಕೆಲಸ ಹೇಳಲಿ: ನಮ್ಮ ಮನೆಗೆ ಹೋಗಿ ಒಂದು ಗಂಟೆ ಕುಳಿತು ಬಾ, ಅವ್ವ ನಡೆಯುವಾಗ ಗೋಡೆ ಹಿಡಿಯುತ್ತಾಳೋ ನೋಡು, ಅಪ್ಪ ಗುಳಿಗೆ ತೆಗೆದುಕೊಳ್ಳುತ್ತಾನೋ ಕೇಳು. ವಿಡಿಯೊದ ಮುಂದೆ ಸೀರೆ ಸರಿಮಾಡಿ ನಗುತ್ತ ಕೂಡುವ ತಾಯಿಯ ನಿಜಸ್ಥಿತಿ ಹೀಗೆ ಹೋಗಿ ಬಂದ ಕಣ್ಣಿಗೆ ಮಾತ್ರ ತಿಳಿಯುತ್ತದೆ.

ಕೊನೆಗೆ ಈ ಸಭೆಗೆ ಒಂದು ಬೇಡಿಕೆ. ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರು ಬಂದ ಕೇಂದ್ರಗಳಿವೆ, ಓದುವ ಮಕ್ಕಳಿದ್ದಾರೆ. ವಾರಕ್ಕೆ ಒಂದು ಸಂಜೆ ಅಲ್ಲಿ ಹಿರಿಯರಿಗಾಗಿ ಮೀಸಲಿಡೋಣ. ಕಾಲೇಜು ಹುಡುಗ ಹುಡುಗಿಯರು ಬಂದು ದನಿ ಸಂದೇಶ ಕಳಿಸುವುದು, ಕರೆ ಎತ್ತುವುದು, ಮೋಸದ ಕರೆ ಗುರುತಿಸುವುದು, ಅಕ್ಷರ ದೊಡ್ಡದು ಮಾಡಿಕೊಳ್ಳುವುದು ಇಷ್ಟನ್ನು ಕಲಿಸಲಿ. ಕಲಿಸುವಾಗ ಫೋನು ಹಿರಿಯರ ಕೈಯಲ್ಲೇ ಇರಬೇಕು; ಹುಡುಗರೇ ಒತ್ತಿ ತೋರಿಸಿದರೆ ಹಿರಿಯರು ಕಲಿಯುವುದಿಲ್ಲ. ಅವರು ಕಲಿತ ಮೇಲೆ ಹುಡುಗರು ದೂರ ಸರಿದು ನಿಲ್ಲಬೇಕು, ಆ ಮಾತು ತಾಯಿ ಮಕ್ಕಳದ್ದು.

ದತ್ತಿ ಕುಟುಂಬದವರು ಒಪ್ಪಿದರೆ, ಈ ವರ್ಷದ ಉಪನ್ಯಾಸದ ಫಲವಾಗಿ ಆಲಮಟ್ಟಿಯ ಸುತ್ತಲಿನ ಪುನರ್ವಸತಿ ಕೇಂದ್ರಗಳಿಂದಲೇ ಈ ಕೆಲಸ ಆರಂಭವಾಗಲಿ. ಕಲಿಸಲು ನಾನೂ ಬರುತ್ತೇನೆ. ಒಂದು ಕಾಲಕ್ಕೆ ಈ ತಾಯಂದಿರ ಪತ್ರ ಬರೆದ ಕೈ ಇದು; ಅವರು ಯಾರ ನೆರವೂ ಇಲ್ಲದೆ ಮಕ್ಕಳೊಡನೆ ಮಾತಾಡುವಂತಾದರೆ ಆ ಕೈಗೆ ಅದಕ್ಕಿಂತ ಸಾರ್ಥಕತೆ ಬೇರಿಲ್ಲ.